ಹುಲಿ ಕೊಂದ ಬೇಟೆಗಾರ: ಇಂಗ್ಲಿಷಿನ ಹೂ, ವಿಚ್, ದಟ್ ಗೊಂದಲ ಬಿಡಿಸೋಣ

‘ಹುಲಿ ಕೊಂದ ಬೇಟೆಗಾರ.’ ಮೂರೇ ಪದ. ಈಗ ಹೇಳಿ, ಸತ್ತಿದ್ದು ಯಾರು?

ಹುಲಿಯೂ ಆಗಬಹುದು, ಬೇಟೆಗಾರನೂ ಆಗಬಹುದು. ಅವನು ಹುಲಿಯನ್ನು ಕೊಂದಿರಬಹುದು, ಇಲ್ಲವೇ ಹುಲಿಯೇ ಅವನ ಕತೆ ಮುಗಿಸಿರಬಹುದು. ‘ಕೊಂದ’ ಅನ್ನುವ ಪದಕ್ಕೆ ಅದರ ಚಿಂತೆಯೇ ಇಲ್ಲ. ಎರಡೂ ಕಡೆ ಅದು ಹಾಗೇ ಇರುತ್ತದೆ. ಹಿಂದೆ ಮುಂದೆ ನೋಡಿ ನಾವೇ ಅರ್ಥ ಮಾಡಿಕೊಳ್ಳುತ್ತೇವೆ. ತೀರಾ ಗೊಂದಲವಾದರೆ ‘ಹುಲಿಯನ್ನು’ ಅಂತ ಒಂದು ಬಾಲ ಸೇರಿಸುತ್ತೇವೆ.

ಇಂಗ್ಲಿಷಿನಲ್ಲಿ ಈ ಸಲಿಗೆ ಇಲ್ಲ. ಹುಲಿ ಸತ್ತಿದ್ದರೆ ‘ದಿ ಹಂಟರ್ ಹೂ ಕಿಲ್ಡ್ ದಿ ಟೈಗರ್’. ಬೇಟೆಗಾರ ಸತ್ತಿದ್ದರೆ ‘ದಿ ಹಂಟರ್ ಹೂಮ್ ದಿ ಟೈಗರ್ ಕಿಲ್ಡ್’. ಯಾರು ಯಾರನ್ನು ಕೊಂದರು ಅನ್ನುವುದನ್ನು ಬಾಯಿ ತೆರೆಯುವ ಮೊದಲೇ ತೀರ್ಮಾನ ಮಾಡಿರಬೇಕು.

ಶಾಲೆಯಲ್ಲಿ ನಮಗೆಲ್ಲ ಒಂದು ಸಾಲಿನ ನಿಯಮ ಹೇಳಿಕೊಟ್ಟಿರುತ್ತಾರೆ. ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’, ಎರಡಕ್ಕೂ ನಡೆಯುವುದು ‘ದಟ್’. ನಿಯಮ ಸರಿಯಾಗಿಯೇ ಇದೆ. ನಾನೂ ಬಾಯಿಪಾಠ ಮಾಡಿದ್ದೆ. ಆಮೇಲೂ ವರ್ಷಗಟ್ಟಲೆ ತಪ್ಪು ಬರೆದೆ. ಯಾಕೆ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಮನುಷ್ಯ, ವಸ್ತು ಅನ್ನುವ ಭೇದದ ಹತ್ತಿರವೂ ಇರಲಿಲ್ಲ. ಅವು ಕನ್ನಡದಿಂದ ಬಂದಿದ್ದವು. ಕನ್ನಡದಲ್ಲಿ ಈ ಜಾಗದಲ್ಲಿ ಸರ್ವನಾಮವೇ ಬೇಕಾಗುವುದಿಲ್ಲ ಅನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ.

(ಅಂದ ಹಾಗೆ, ಈ ಲೇಖನದುದ್ದಕ್ಕೂ ‘ಹೂ’ ಅಂದರೆ ಗಿಡದಲ್ಲಿ ಬಿಡುವುದಲ್ಲ.)

ಕೊಂಡಿಗೆ ಎರಡು ಕೆಲಸ

‘ನಿನ್ನೆ ಬಂದ ಹುಡುಗ’ ಅನ್ನುವಾಗ ವಿವರ ಮೊದಲು ಬರುತ್ತದೆ, ಹುಡುಗ ಕೊನೆಗೆ ಬರುತ್ತಾನೆ. ‘ಬಂದ’ ಅನ್ನುವ ರೂಪವೇ ಮುಂದಿನ ಹೆಸರಿಗೆ ಅಂಟಿಕೊಳ್ಳುತ್ತದೆ. ಬಂದ, ಬರುವ, ಬಾರದ ಇಂಥವನ್ನು ನಮ್ಮ ವ್ಯಾಕರಣದಲ್ಲಿ ಕೃದಂತನಾಮ ಅಂತಾರೆ. ಇಂಗ್ಲಿಷಿನಲ್ಲಿ ಇದು ಉಲ್ಟಾ. ಹುಡುಗ ಮೊದಲು ಬಂದು ನಿಲ್ಲುತ್ತಾನೆ, ವಿವರ ಹಿಂದಿನಿಂದ ಬರುತ್ತದೆ. ಹಾಗಾಗಿ ಎರಡನ್ನೂ ಜೋಡಿಸಲು ನಡುವೆ ಒಂದು ಕೊಂಡಿ ಬೇಕು. ಆ ಕೊಂಡಿಗಳೇ ಹೂ, ಹೂಮ್, ಹೂಸ್, ವಿಚ್, ದಟ್.

ಕೊಂಡಿ ಜೋಡಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ನಾವು ಮರೆಯುವುದು ಅದರ ಇನ್ನೊಂದು ಕೆಲಸವನ್ನು. ಎರಡನೇ ವಾಕ್ಯದಲ್ಲಿ ಒಂದು ಪದ ಎದ್ದು ಹೋಗಿರುತ್ತದೆ. ಕೊಂಡಿ ಆ ಖಾಲಿ ಜಾಗದ ಲೆಕ್ಕವನ್ನೂ ಹೊತ್ತುಕೊಂಡಿರುತ್ತದೆ. ಒಡೆದು ನೋಡಿದರೆ ಇದು ಕಾಣುತ್ತದೆ:

‘ದಿ ಬಾಯ್ ಈಸ್ ಮೈ ಕಸಿನ್. ಹೀ ಕೇಮ್ ಯೆಸ್ಟರ್‌ಡೇ.’

ಎರಡನೇ ವಾಕ್ಯದ ‘ಹೀ’ ಎದ್ದು ಹೋಯಿತು, ‘ಹೂ’ ಬಂದು ಕೂತಿತು. ‘ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ ಈಸ್ ಮೈ ಕಸಿನ್.’ ಇಷ್ಟು ಗೊತ್ತಿದ್ದರೆ ಎರಡು ತಪ್ಪುಗಳು ತಾವಾಗಿಯೇ ಕಾಣುತ್ತವೆ. ‘ದಿ ಬಾಯ್ ಹೂ ಹೀ ಕೇಮ್’ ಅಂದರೆ ಹೊಸಬ ಬಂದ ಮೇಲೂ ಹಳಬ ಸೀಟು ಬಿಟ್ಟಿಲ್ಲ. ‘ದಿ ಬಾಯ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಕಸಿನ್’ ಅಂದರೆ ಹಳಬ ಎದ್ದು ಹೋದ, ಅವನ ಜಾಗಕ್ಕೆ ಯಾರೂ ಬರಲಿಲ್ಲ.

ಆದ್ದರಿಂದ ಅನುಮಾನ ಬಂದಾಗಲೆಲ್ಲ ನಾನು ಮಾಡುವುದು ಒಂದೇ. ವಾಕ್ಯವನ್ನು ಎರಡಾಗಿ ಒಡೆಯುತ್ತೇನೆ. ಎರಡನೇ ತುಂಡಿನಲ್ಲಿ ಏನಿತ್ತು ಅಂತ ನೋಡುತ್ತೇನೆ. ‘ಹೀ’ ಇತ್ತಾ, ‘ಹಿಮ್’ ಇತ್ತಾ, ‘ಹಿಸ್’ ಇತ್ತಾ, ‘ಇಟ್’ ಇತ್ತಾ? ಯಾವ ಕೊಂಡಿ ಬೇಕು ಅನ್ನುವುದನ್ನು ಅದೇ ಹೇಳುತ್ತದೆ.

ಯಾರು, ಯಾವುದು: ಗಡಿಯಲ್ಲಿ ಜಗಳ

ಮನುಷ್ಯರಿಗೆ ಒಂದು, ಉಳಿದದ್ದಕ್ಕೆ ಇನ್ನೊಂದು ಅನ್ನುವ ಭೇದ ನಮಗೆ ಹೊಸದಲ್ಲ. ‘ಯಾರು’ ಮತ್ತು ‘ಯಾವುದು’ ಇದ್ದೇ ಇವೆ. ‘ಯಾರು ಬಂದದ್ದು?’ ಅಂತ ಕೇಳುವ ಕಡೆ ‘ಹೂ’, ‘ಯಾವುದು ಬಿದ್ದದ್ದು?’ ಅಂತ ಕೇಳುವ ಕಡೆ ‘ವಿಚ್’. ನೂರಕ್ಕೆ ತೊಂಬತ್ತು ಸಲ ಇಷ್ಟೇ ಸಾಕು.

ಉಳಿದ ಹತ್ತು ಸಲವೇ ಮಜಾ ಇರುವುದು. ಎರಡು ಭಾಷೆಗಳೂ ಗೆರೆ ಎಳೆದಿವೆ, ಆದರೆ ಒಂದೇ ಜಾಗದಲ್ಲಿ ಎಳೆದಿಲ್ಲ.

ಸೂರ್ಯನನ್ನೇ ತಗೊಳ್ಳಿ. ಕನ್ನಡದಲ್ಲಿ ‘ಸೂರ್ಯ ಮುಳುಗಿದ’, ‘ಚಂದ್ರ ಮೂಡಿದ’. ಇಬ್ಬರೂ ಗಂಡಸರು. ಇಂಗ್ಲಿಷಿನಲ್ಲಿ, ಕವಿತೆಯ ಮಾತು ಬಿಟ್ಟರೆ, ಎರಡೂ ವಸ್ತುಗಳು. ‘ದಿ ಸನ್, ವಿಚ್ ವಾಸ್ ಸೆಟ್ಟಿಂಗ್’ ಅನ್ನಬೇಕು, ಅಲ್ಲಿ ‘ಹೂ’ ಬರುವುದಿಲ್ಲ. ಮಗುವಿನ ಕತೆ ಇದಕ್ಕೆ ವಿರುದ್ಧ. ನಾವು ‘ಮಗು ಅಳ್ತಾ ಇದೆ’ ಅಂತೀವಿ, ಅಂದರೆ ನಪುಂಸಕಲಿಂಗ. ಅದನ್ನೇ ಹೊತ್ತುಕೊಂಡು ಹೋಗಿ ‘ದಿ ಬೇಬಿ ವಿಚ್ ಈಸ್ ಕ್ರೈಯಿಂಗ್’ ಅಂದರೆ ಆ ತಾಯಿಗೆ ಬೇಜಾರಾದೀತು. ಇಂಗ್ಲಿಷಿನವರೂ ಗುರುತಿಲ್ಲದ ಮಗುವನ್ನು ‘ಇಟ್’ ಅನ್ನುವುದುಂಟು. ಆದರೂ ‘ಹೂ’ ಬಳಸಿದರೆ ಯಾರಿಗೂ ತಕರಾರು ಇರುವುದಿಲ್ಲ.

ಜನರ ವಿಷಯದಲ್ಲೂ ಹೀಗೇ. ‘ಜನ ಕಿಕ್ಕಿರಿದು ತುಂಬಿತ್ತು’ ಅನ್ನುವಾಗ ನಮ್ಮ ಜನ ‘ಅದು’ ಆಗಿಬಿಡುತ್ತದೆ. ಇಂಗ್ಲಿಷಿನ ‘ಪೀಪಲ್’ ಹಾಗಾಗುವುದಿಲ್ಲ. ‘ಪೀಪಲ್ ವಿಚ್’ ಅನ್ನುವುದು ಕಿವಿಗೆ ಕಲ್ಲು ಸಿಕ್ಕಿದ ಹಾಗೆ. ‘ಪೀಪಲ್ ಹೂ’ ಅನ್ನಿ, ಇಲ್ಲವೇ ‘ಪೀಪಲ್ ದಟ್’ ಅನ್ನಿ.

ಪ್ರಾಣಿಗಳ ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳ ಮನಸ್ಸು ಒಂದೇ. ಬೀದಿಯಲ್ಲಿ ಅಟ್ಟಿಸಿಕೊಂಡು ಬಂದ ನಾಯಿ ‘ಬಂತು’, ಮನೆಯ ಟಾಮಿ ‘ಬಂದ’. ಇಂಗ್ಲಿಷಿನಲ್ಲೂ ಕಚ್ಚಿದ ನಾಯಿ ‘ದಿ ಡಾಗ್ ದಟ್ ಬಿಟ್ ಮೀ’. ಹೆಸರಿಟ್ಟು ಸಾಕಿದ್ದಾದರೆ ‘ಟಾಮಿ, ಹೂ ಸ್ಲೀಪ್ಸ್ ಆನ್ ಮೈ ಬೆಡ್’. ಪ್ರೀತಿ ಜಾಸ್ತಿಯಾದಂತೆ ‘ವಿಚ್’ ಹೋಗಿ ‘ಹೂ’ ಬರುತ್ತದೆ.

ಇನ್ನು ಗುಂಪುಗಳು. ತಂಡ, ಸಮಿತಿ, ಕಂಪನಿ, ಸರ್ಕಾರ. ಇವುಗಳಲ್ಲಿ ಮನುಷ್ಯರೇ ಇದ್ದರೂ ಹೆಸರು ಒಂದು ಸಂಸ್ಥೆಯದು. ಹಾಗಾಗಿ ‘ದಿ ಟೀಮ್ ದಟ್ ವನ್’, ‘ದಿ ಕಂಪನಿ ವಿಚ್ ಮೇಡ್ ಇಟ್’ ಅನ್ನುವುದು ಸುರಕ್ಷಿತ. ಬ್ರಿಟಿಷರು ತಂಡದೊಳಗಿನ ಆಟಗಾರರನ್ನು ನೆನೆದು ‘ದಿ ಟೀಮ್ ಹೂ ಆರ್ ಪ್ಲೇಯಿಂಗ್’ ಅಂತಲೂ ಬರೆಯುತ್ತಾರೆ. ಅವರ ‘ಹೂ’ ಜೊತೆ ‘ಆರ್’ ಬಂದಿದ್ದನ್ನು ಗಮನಿಸಿ. ಮನುಷ್ಯರು ಅಂತ ಒಪ್ಪಿಕೊಂಡ ಮೇಲೆ ಅವರು ಹಲವರು ಅಂತಲೂ ಒಪ್ಪಿಕೊಳ್ಳಬೇಕಾಗುತ್ತದೆ. ಅಮೆರಿಕನ್ನರಿಗೆ ತಂಡ ಸಾಮಾನ್ಯವಾಗಿ ‘ಈಸ್’ ಮಾತ್ರ.

ಏಕವಚನ, ಬಹುವಚನದ ಮಾತು ಬಂತಲ್ಲ, ಇಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ‘ಹಾಡುವ ಹುಡುಗಿ’, ‘ಹಾಡುವ ಹುಡುಗಿಯರು’. ನಮ್ಮ ‘ಹಾಡುವ’ ಬದಲಾಗಲೇ ಇಲ್ಲ. ಅದಕ್ಕೇ ಇಂಗ್ಲಿಷಿನಲ್ಲೂ ಬದಲಾಯಿಸುವುದನ್ನು ಮರೆಯುತ್ತೇವೆ. ಅಲ್ಲಿ ‘ಹೂ’ ಬದಲಾಗುವುದಿಲ್ಲ, ಅದರ ಮುಂದಿನ ಕ್ರಿಯಾಪದ ಬದಲಾಗುತ್ತದೆ. ‘ದಿ ಗರ್ಲ್ ಹೂ ಸಿಂಗ್ಸ್’, ‘ದಿ ಗರ್ಲ್ಸ್ ಹೂ ಸಿಂಗ್’. ಕ್ರಿಯಾಪದ ‘ಹೂ’ ಬೆನ್ನ ಹಿಂದೆ ಇಣುಕಿ ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸುತ್ತದೆ.

ನಾನು ಬರೆದ ಪೆನ್ನು

ನನ್ನ ಲೆಕ್ಕದಲ್ಲಿ ಕನ್ನಡಿಗರು ಅತಿ ಹೆಚ್ಚು ಎಡವುವುದು ಇಲ್ಲಿ. ಪಠ್ಯಪುಸ್ತಕಗಳು ಮಾತ್ರ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ.

‘ನಾನು ಬರೆದ ಪತ್ರ’, ‘ನಾನು ಬರೆದ ಪೆನ್ನು’. ಎರಡೂ ಒಳ್ಳೆಯ ಕನ್ನಡ. ಆದರೆ ಪತ್ರವನ್ನು ಬರೆದೆ, ಪೆನ್ನನ್ನು ಬರೆಯಲಿಲ್ಲ. ಪೆನ್ನಿ‘ನಿಂದ’ ಬರೆದೆ. ಆ ‘ಇಂದ’ ಎಲ್ಲಿ ಹೋಯಿತು? ಕನ್ನಡ ಅದನ್ನು ಸದ್ದಿಲ್ಲದೆ ನುಂಗಿತು. ಹೀಗೆ ನುಂಗುವುದು ಅದಕ್ಕೆ ಅಭ್ಯಾಸ. ನಾನು ಕೂತ ಕುರ್ಚಿ, ಅವಳು ಬಂದ ಬಸ್ಸು, ನಾವು ಮಲಗಿದ ಕೋಣೆ, ನಾನು ದುಡ್ಡು ಕೊಟ್ಟ ಹುಡುಗ. ಕುರ್ಚಿಯ ‘ಮೇಲೆ’, ಬಸ್ಸಿ‘ನಲ್ಲಿ’, ಕೋಣೆಯ ‘ಒಳಗೆ’, ಹುಡುಗ‘ನಿಗೆ’. ಎಲ್ಲ ಮಾಯ. ನಮಗೆ ಏನೂ ಕಡಿಮೆಯಾದ ಹಾಗೆ ಅನ್ನಿಸುವುದೇ ಇಲ್ಲ, ಅಲ್ವಾ?

ಅದೇ ಧಾಟಿಯಲ್ಲಿ ಇಂಗ್ಲಿಷಿಗೆ ಹೋದಾಗ ‘ದಿ ಪೆನ್ ವಿಚ್ ಐ ರೋಟ್’, ‘ದಿ ಬಸ್ ವಿಚ್ ಶೀ ಕೇಮ್’, ‘ದಿ ಚೇರ್ ವಿಚ್ ಐ ಸ್ಯಾಟ್’ ಹುಟ್ಟುತ್ತವೆ. ‘ವಿಚ್’ ಸರಿಯಾಗಿದೆ. ವಸ್ತುವಿಗೆ ‘ವಿಚ್’, ನಿಯಮ ಪಾಲಿಸಿದ್ದೇವೆ. ಆದರೂ ವಾಕ್ಯ ಕುಂಟುತ್ತದೆ.

ಒಡೆದು ನೋಡಿ. ‘ಐ ರೋಟ್ ವಿತ್ ಇಟ್.’ ಎದ್ದು ಹೋಗುವುದು ‘ಇಟ್’ ಮಾತ್ರ. ‘ವಿತ್’ ಎಲ್ಲಿಗೂ ಹೋಗುವ ಹಾಗಿಲ್ಲ. ಅದು ಇದ್ದಲ್ಲೇ ಕೂರಬಹುದು: ‘ದಿ ಪೆನ್ ವಿಚ್ ಐ ರೋಟ್ ವಿತ್’. ಇಲ್ಲವೇ ಕೊಂಡಿಯ ಮುಂದೆ ಬರಬಹುದು: ‘ದಿ ಪೆನ್ ವಿತ್ ವಿಚ್ ಐ ರೋಟ್’. ಮೊದಲನೆಯದು ಮಾತಿಗೆ, ಎರಡನೆಯದು ಗಂಭೀರ ಬರವಣಿಗೆಗೆ. ವಾಕ್ಯದ ಕೊನೆಯಲ್ಲಿ ‘ವಿತ್’, ‘ಆನ್’, ‘ಇನ್’ ಬರಬಾರದು ಅಂತ ಕೆಲವರು ಹೆದರಿಸುತ್ತಾರೆ. ಹೆದರಬೇಡಿ. ಇಂಗ್ಲಿಷಿನವರು ದಿನವೂ ಹಾಗೇ ಮಾತಾಡುತ್ತಾರೆ.

ಎಚ್ಚರ ಬೇಕಿರುವುದು ಒಂದೇ ಕಡೆ. ‘ವಿತ್’ ಮುಂದೆ ಬಂದರೆ ಅದರ ಪಕ್ಕ ‘ದಟ್’ ಕೂರುವುದಿಲ್ಲ, ‘ಹೂ’ ಕೂಡ ಕೂರುವುದಿಲ್ಲ. ‘ವಿತ್ ದಟ್ ಐ ರೋಟ್’ ತಪ್ಪು. ಅಲ್ಲಿ ವಸ್ತುವಿಗೆ ‘ವಿಚ್’, ಮನುಷ್ಯರಿಗೆ ‘ಹೂಮ್’ ಮಾತ್ರ. ‘ದಿ ಬಾಯ್ ಟು ಹೂಮ್ ಐ ಗೇವ್ ದಿ ಮನಿ.’ ಇದು ತೀರಾ ಬಿಗಿಯಾಯಿತು ಅನ್ನಿಸಿದರೆ ‘ದಿ ಬಾಯ್ ಐ ಗೇವ್ ದಿ ಮನಿ ಟು’ ಅಂದರೂ ಸರಿ. ಕೊನೆಯ ‘ಟು’ ಮಾತ್ರ ಬಿಡಬೇಡಿ.

ಕಾಲು ಮುರಿದ ಕುರ್ಚಿ

ಕನ್ನಡ ನುಂಗುವ ಇನ್ನೊಂದು ವಸ್ತು ಒಡೆತನ. ‘ಕಾಲು ಮುರಿದ ಕುರ್ಚಿ’ ಅಂದಾಗ ಮುರಿದಿದ್ದು ಕುರ್ಚಿ‘ಯ’ ಕಾಲು. ‘ಅಪ್ಪ ಡಾಕ್ಟರ್ ಆಗಿರುವ ಹುಡುಗಿ’ ಅಂದಾಗ ಹುಡುಗಿ‘ಯ’ ಅಪ್ಪ. ಆ ‘ಯ’ ಹೇಳದೆಯೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಹೇಳಲೇಬೇಕು. ಅದಕ್ಕೆ ಇರುವುದು ‘ಹೂಸ್’. (ಈ ಪದ ಬಂದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ ಅನ್ನುವುದು ಇದ್ದದ್ದೇ. ನಕ್ಕು ಮುಗಿಸಿ ಮುಂದೆ ಹೋಗೋಣ.)

‘ದಿ ಗರ್ಲ್ ಹೂಸ್ ಫಾದರ್ ಈಸ್ ಎ ಡಾಕ್ಟರ್.’ ಒಡೆದರೆ ‘ಹರ್ ಫಾದರ್ ಈಸ್ ಎ ಡಾಕ್ಟರ್’. ‘ಹರ್’ ಹೋಗಿ ‘ಹೂಸ್’ ಬಂತು. ಅದಕ್ಕೇ ‘ಹೂಸ್ ಹರ್ ಫಾದರ್’ ಅಂತ ಎರಡನ್ನೂ ಇಡುವ ಹಾಗಿಲ್ಲ.

ಕುರ್ಚಿಗೂ ‘ಹೂಸ್’ ನಡೆಯುತ್ತದಾ? ನಡೆಯುತ್ತದೆ. ‘ದಿ ಚೇರ್ ಹೂಸ್ ಲೆಗ್ ಬ್ರೋಕ್.’ ಅನೇಕರು ಇದನ್ನು ತಪ್ಪು ಅಂದುಕೊಂಡು ‘ದಿ ಚೇರ್, ದಿ ಲೆಗ್ ಆಫ್ ವಿಚ್ ಬ್ರೋಕ್’ ಅಂತ ಕೈಕಾಲು ತಿರುಚಿ ಬರೆಯುತ್ತಾರೆ. ಅದೂ ಸರಿಯೇ, ಆದರೆ ಅಷ್ಟು ಕಷ್ಟ ಬೇಕಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಯಾರ’ ಅನ್ನುವುದಕ್ಕೂ ‘ಯಾವುದರ’ ಅನ್ನುವುದಕ್ಕೂ ರೂಪ ಒಂದೇ ಆಗಿತ್ತು. ಇಂದಿನ ‘ಹೂಸ್’ ಅದರ ಮೊಮ್ಮಗ. ಕುರ್ಚಿಯ ಮೇಲೂ ಅದಕ್ಕೆ ಅಂದಿನಿಂದಲೂ ಹಕ್ಕಿದೆ. ‘ವಿಚ್’ಗೆ ತನ್ನದೇ ಒಡೆತನದ ರೂಪ ಇಲ್ಲದ್ದರಿಂದ ಈ ಸಾಲ ಇನ್ನೂ ನಡೆದುಕೊಂಡು ಬಂದಿದೆ.

ಬರೆಯುವಾಗ ಒಂದು ಕಾಗುಣಿತದ ಬಲೆ ಇದೆ. ಒಡೆತನದ ‘ಹೂಸ್’ ಕೊನೆಗೆ ಎಸ್ ಮತ್ತು ಇ ಅಕ್ಷರಗಳು, ನಡುವೆ ಯಾವ ಚಿಹ್ನೆಯೂ ಇಲ್ಲ. ‘ಹೂ ಈಸ್’ ಅಥವಾ ‘ಹೂ ಹ್ಯಾಸ್’ ಅನ್ನುವುದನ್ನು ಕುಗ್ಗಿಸಿದಾಗ ಮಾತ್ರ ಎಸ್‌ಗಿಂತ ಮೊದಲು ಅಪಾಸ್ಟ್ರಫಿ ಬರುತ್ತದೆ. ಕೇಳುವಾಗ ಎರಡೂ ಒಂದೇ. ‘ಹೂ ಈಸ್’, ‘ಹೂ ಹ್ಯಾಸ್’ ಅಂತ ಬಿಡಿಸಿ ಓದಿ ನೋಡಿ. ಎರಡರಲ್ಲೂ ಅರ್ಥ ಕೆಟ್ಟರೆ ಬೇಕಾಗಿರುವುದು ಒಡೆತನದ ‘ಹೂಸ್’.

ಮ್ ಇರುವ ಕಡೆ ಮ್

‘ಹೂಮ್’ ಅಂದರೆ ಇಂಗ್ಲಿಷಿನವರಿಗೇ ಭಯ. ನಮಗೆ ಅಷ್ಟು ಭಯ ಬೇಡ. ‘ಯಾರು’ ಬೇರೆ, ‘ಯಾರನ್ನು’, ‘ಯಾರಿಗೆ’ ಬೇರೆ ಅನ್ನುವುದು ನಮ್ಮ ನಾಲಿಗೆಯಲ್ಲೇ ಇದೆ. ‘ಯಾರು’ ಇದ್ದಲ್ಲಿ ‘ಹೂ’, ‘ಯಾರನ್ನು’ ಅಥವಾ ‘ಯಾರಿಗೆ’ ಇದ್ದಲ್ಲಿ ‘ಹೂಮ್’. ಇಂಗ್ಲಿಷಿನಲ್ಲೇ ಪರೀಕ್ಷೆ ಮಾಡಬೇಕೆಂದರೆ, ಒಡೆದ ವಾಕ್ಯದಲ್ಲಿ ‘ಹಿಮ್’ ಅಥವಾ ‘ದೆಮ್’ ಬಂದರೆ ‘ಹೂಮ್’. ಮೂರರ ಕೊನೆಗೂ ಮ್ ಇದೆ, ನೆನಪಿಡುವುದು ಸುಲಭ. ಬೇಟೆಗಾರನ ವಾಕ್ಯ ಒಡೆಯಿರಿ: ‘ದಿ ಟೈಗರ್ ಕಿಲ್ಡ್ ಹಿಮ್’. ಮ್ ಬಂತು, ‘ಹೂಮ್’ ಬಂತು.

ಮಾತಿನಲ್ಲಿ ‘ಹೂಮ್’ ಈಗ ಬಹಳ ಕಡಿಮೆ. ‘ದಿ ಮ್ಯಾನ್ ಹೂ ಐ ಮೆಟ್’ ಅಂದರೆ ಯಾರೂ ಹುಬ್ಬು ಹಾರಿಸುವುದಿಲ್ಲ. ಆದರೆ ‘ಟು’, ‘ವಿತ್’, ‘ಫಾರ್’ ಇಂಥವು ಮುಂದೆ ಬಂದಾಗ ‘ಹೂಮ್’ ಬೇಕೇ ಬೇಕು.

ಅತಿ ಜಾಣರು ಬೀಳುವ ಹಳ್ಳ ಬೇರೆ ಇದೆ. ‘ದಿ ಮ್ಯಾನ್ ಹೂಮ್ ಐ ಥಿಂಕ್ ಸ್ಟೋಲ್ ದಿ ಬೈಕ್.’ ಗಂಭೀರವಾಗಿ ಕೇಳಿಸುತ್ತದೆ, ಆದರೆ ತಪ್ಪು. ಒಡೆಯಿರಿ: ‘ಐ ಥಿಂಕ್ ಹೀ ಸ್ಟೋಲ್ ದಿ ಬೈಕ್’. ಇರುವುದು ‘ಹೀ’, ‘ಹಿಮ್’ ಅಲ್ಲ. ಹಾಗಾಗಿ ‘ಹೂ’. ನಡುವೆ ಬಂದ ‘ಐ ಥಿಂಕ್’ ಸುಮ್ನೆ ಬಂದ ಅತಿಥಿ. ಅದನ್ನು ಬದಿಗೆ ಕೂರಿಸಿ ನೋಡಿದರೆ ಎಲ್ಲ ಸರಿಯಾಗಿ ಕಾಣುತ್ತದೆ.

‘ದಟ್’ ಅಂದರೆ ‘ಅದು’ ಅಲ್ಲ

ಮನುಷ್ಯರಿಗೆ ‘ದಟ್’ ಬಳಸಿದರೆ ಅಗೌರವ ಅಂತ ಹೇಳುವವರು ಬಹಳ ಜನ. ನಮಗಂತೂ ಇದು ಬೇಗ ನಾಟುತ್ತದೆ. ‘ದಟ್’ ಅಂದ ಕೂಡಲೇ ನಮ್ಮ ತಲೆಯಲ್ಲಿ ‘ಅದು’ ಮೂಡುತ್ತದೆ. ದೊಡ್ಡವರನ್ನು ‘ಅದು’ ಅನ್ನುವುದುಂಟೇ? ಆದರೆ ಕೊಂಡಿಯಾಗಿ ಬರುವ ‘ದಟ್’ ಬೆರಳು ತೋರಿಸುವ ‘ದಟ್’ ಅಲ್ಲ. ‘ದಿ ಟೀಚರ್ ದಟ್ ಟಾಟ್ ಮೀ’ ಅನ್ನುವುದರಲ್ಲಿ ‘ಅದು’ ಇಲ್ಲ. ‘ಕಲಿಸಿದ’ ಅನ್ನುವಲ್ಲಿನ ‘ಇದ’ ಎಷ್ಟು ನಿರ್ಲಿಪ್ತವೋ ಇದೂ ಅಷ್ಟೇ.

ನಿಜ ಹೇಳಬೇಕೆಂದರೆ ಇವುಗಳಲ್ಲಿ ಮನೆಗೆ ಹಳಬ ‘ದಟ್’. ‘ಹೂ’, ‘ವಿಚ್’ ಮೊದಲು ಬರೀ ಪ್ರಶ್ನೆ ಕೇಳುವ ಪದಗಳಾಗಿದ್ದವು. ಕೊಂಡಿಯ ಕೆಲಸಕ್ಕೆ ಸೇರಿದ್ದು ಆಮೇಲೆ. ಸೇರಿದ ಮೇಲೂ ಮನುಷ್ಯ, ವಸ್ತು ಅನ್ನುವ ಗೆರೆ ಕೂಡಲೇ ಬೀಳಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ದೇವರನ್ನು ಕರೆಯುವ ಪ್ರಾರ್ಥನೆಯೇ ‘ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್’ (ಸ್ವರ್ಗದಲ್ಲಿರುವ ನಮ್ಮ ತಂದೆಯೇ) ಅಂತ ಶುರುವಾಗುತ್ತದೆ. ದೇವರಿಗೇ ‘ವಿಚ್’! ಅಂದಿನವರಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಮುಂದೆ ಪ್ರಾರ್ಥನೆಯಲ್ಲಿ ಅದನ್ನು ‘ಹೂ’ ಮಾಡಿಕೊಂಡರು.

1711ರಲ್ಲಿ ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯಲ್ಲಿ ಒಂದು ತಮಾಷೆಯ ಅರ್ಜಿ ಅಚ್ಚಾಯಿತು. ಅರ್ಜಿದಾರರು ‘ಹೂ’ ಮತ್ತು ‘ವಿಚ್’. ‘ದಟ್’ ಬಂದು ನಮ್ಮ ಜಾಗ ಕಿತ್ತುಕೊಂಡಿದೆ, ನ್ಯಾಯ ಕೊಡಿ ಅನ್ನುವುದು ಅವರ ಗೋಳು. ಓದಲು ಚೆನ್ನಾಗಿದೆ, ಆದರೆ ಚರಿತ್ರೆ ತಲೆಕೆಳಗು. ಜಾಗ ಕಿತ್ತುಕೊಂಡವರೇ ದೂರು ಕೊಟ್ಟ ಹಾಗಿದೆ.

ಹಾಗಾದರೆ ಯಾವುದು ಬಳಸಬೇಕು? ನನ್ನ ಅಭಿಪ್ರಾಯ ಕೇಳಿದರೆ, ಪತ್ರ, ಅರ್ಜಿ, ವರದಿ ಬರೆಯುವಾಗ ಮನುಷ್ಯರಿಗೆ ‘ಹೂ’ ಇಡಿ. ತಪ್ಪು ಹುಡುಕುವವರ ಬಾಯಿ ಮುಚ್ಚುತ್ತದೆ. ಮಾತಿನಲ್ಲಿ ‘ದಟ್’ ಬಂದರೆ ಬರಲಿ. ಮನುಷ್ಯರೂ ವಸ್ತುಗಳೂ ಒಟ್ಟಿಗೆ ಬಂದಾಗ ‘ದಟ್’ ಬಿಟ್ಟರೆ ಗತಿಯಿಲ್ಲ: ‘ದಿ ಪೀಪಲ್ ಅಂಡ್ ಥಿಂಗ್ಸ್ ದಟ್ ಐ ಮಿಸ್’.

ವಸ್ತುಗಳಲ್ಲೂ ‘ಆಲ್’, ‘ಎವ್ರಿಥಿಂಗ್’, ‘ನಥಿಂಗ್’, ‘ದಿ ಓನ್ಲಿ’, ‘ದಿ ಬೆಸ್ಟ್’ ಇಂಥವು ಬಂದ ಮೇಲೆ ‘ವಿಚ್’ ಅಷ್ಟು ಹೊಂದುವುದಿಲ್ಲ, ‘ದಟ್’ ಹೊಂದುತ್ತದೆ. ನಮ್ಮ ‘ಬೆಳ್ಳಗಿರೋದೆಲ್ಲ ಹಾಲಲ್ಲ’ ಅನ್ನುವ ಗಾದೆಗೆ ಅವರಲ್ಲಿರುವ ಜೋಡಿ ‘ಆಲ್ ದಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್’. ಅಲ್ಲಿ ‘ವಿಚ್’ ಇಟ್ಟು ಓದಿ ನೋಡಿ, ಗಾದೆಯ ಜೀವವೇ ಹೋಗುತ್ತದೆ.

‘ಎವ್ರಿಥಿಂಗ್ ವಾಟ್ ಹೀ ಸೆಡ್’ ಅನ್ನುವುದನ್ನೂ ಕೇಳಿರುತ್ತೀರಿ. ಇದು ಯಾಕೆ ತಪ್ಪು ಅನ್ನುವುದನ್ನು ಕನ್ನಡವೇ ಚೆನ್ನಾಗಿ ಹೇಳುತ್ತದೆ. ‘ಅವನು ಹೇಳಿದ್ದು’, ‘ಅವನು ಹೇಳಿದ ಮಾತು’. ‘ಹೇಳಿದ್ದು’ ಒಳಗೆ ಮಾತು ಆಗಲೇ ಸೇರಿದೆ, ಇನ್ನೊಂದು ಹೆಸರು ಬೇಕಿಲ್ಲ. ಅದೇ ‘ವಾಟ್ ಹೀ ಸೆಡ್’. ‘ಹೇಳಿದ’ ಮುಂದೆ ಒಂದು ಹೆಸರು ಬೇಕು. ಅದು ‘ದಟ್ ಹೀ ಸೆಡ್’. ‘ಎವ್ರಿಥಿಂಗ್’ ಅನ್ನುವ ಹೆಸರು ಮೊದಲೇ ಬಂದು ಕೂತಿರುವಾಗ ‘ವಾಟ್’ ಬರಲು ಜಾಗವಿಲ್ಲ.

ಎರಡು ಕಾಮಾ, ಎಲ್ಲರ ಬೋನಸ್

ಈಗ ಕನ್ನಡದಲ್ಲಿ ಕಾಣದ, ಇಂಗ್ಲಿಷಿನಲ್ಲಿ ದುಬಾರಿಯಾಗುವ ವಿಷಯ. ಒಂದು ಆಫೀಸಿನಲ್ಲಿ ನೋಟಿಸ್ ಹಾಕಿದ್ದಾರೆ ಅಂದುಕೊಳ್ಳಿ. ‘ತಡವಾಗಿ ಸೇರಿದ ನೌಕರರಿಗೆ ಬೋನಸ್ ಇಲ್ಲ.’ ಇಂಗ್ಲಿಷಿನಲ್ಲಿ: ‘ಎಂಪ್ಲಾಯೀಸ್ ಹೂ ಜಾಯಿನ್ಡ್ ಲೇಟ್ ವಿಲ್ ನಾಟ್ ಗೆಟ್ ಎ ಬೋನಸ್’. ತಡವಾಗಿ ಸೇರಿದವರಿಗೆ ಮಾತ್ರ ಇಲ್ಲ, ಉಳಿದವರಿಗೆ ಇದೆ.

ಈಗ ‘ಎಂಪ್ಲಾಯೀಸ್’ ಆದ ಮೇಲೆ ಒಂದು ಕಾಮಾ, ‘ಲೇಟ್’ ಆದ ಮೇಲೆ ಇನ್ನೊಂದು ಕಾಮಾ ಇಡಿ. ಅರ್ಥ ಹೀಗಾಗುತ್ತದೆ: ನೌಕರರಿಗೆ ಬೋನಸ್ ಇಲ್ಲ. ಅವರೆಲ್ಲರೂ, ಅಂದ ಹಾಗೆ, ತಡವಾಗಿ ಸೇರಿದವರು. ಎರಡು ಕಾಮಾ ಎಲ್ಲರ ಬೋನಸ್ಸನ್ನೂ ತಿಂದು ಹಾಕಿತು.

ಕಾಮಾ ಇಲ್ಲದಿದ್ದರೆ ಕೊಂಡಿಯ ನಂತರದ ವಿವರ ಜರಡಿ ಇದ್ದ ಹಾಗೆ. ಗುಂಪಿನಿಂದ ಕೆಲವರನ್ನು ಆರಿಸುತ್ತದೆ. ಕಾಮಾ ಇದ್ದರೆ ಅದು ಪಕ್ಕದಲ್ಲಿ ಹೇಳಿದ ಮಾತು. ಆರಿಸುವುದಿಲ್ಲ, ಬರೀ ಮಾಹಿತಿ ಸೇರಿಸುತ್ತದೆ. ‘ಮೈ ಬ್ರದರ್ ಹೂ ಈಸ್ ಎ ಡಾಕ್ಟರ್’ ಅಂದರೆ ನನಗೆ ಇಬ್ಬರಾದರೂ ಅಣ್ಣತಮ್ಮಂದಿರಿದ್ದಾರೆ, ಅವರಲ್ಲಿ ಡಾಕ್ಟರ್ ಆದವನ ಮಾತು ಇದು. ‘ಮೈ ಬ್ರದರ್, ಹೂ ಈಸ್ ಎ ಡಾಕ್ಟರ್,’ ಅಂದರೆ ಸಾಮಾನ್ಯವಾಗಿ ಇರುವುದು ಒಬ್ಬನೇ ಅಂತ ಅರ್ಥ. ಕನ್ನಡದ ‘ಡಾಕ್ಟರ್ ಆಗಿರುವ ನನ್ನ ಅಣ್ಣ’ ಎರಡಕ್ಕೂ ಸಲ್ಲುತ್ತದೆ. ಆರಿಸಿದ್ದೇವೆ ಅಂತ ಒತ್ತಿ ಹೇಳಲು ನಾವು ‘ಮಾತ್ರ’ ಸೇರಿಸುತ್ತೇವೆ. ಪಕ್ಕದ ಮಾತಾದರೆ ‘ನನ್ನ ಅಣ್ಣ ಇದ್ದಾನಲ್ಲ, ಅವನು ಡಾಕ್ಟರ್’ ಅಂತ ಬೇರೆ ವಾಕ್ಯವನ್ನೇ ಮಾಡುತ್ತೇವೆ. ಅವರು ಆ ಕೆಲಸವನ್ನು ಕಾಮಾಕ್ಕೆ ವಹಿಸಿದ್ದಾರೆ.

ವಿವರವನ್ನು ಎತ್ತಿ ಪಕ್ಕಕ್ಕಿಟ್ಟು ಓದಿ. ಹೇಳಬೇಕಾದ ಮಾತು ಹಾಗೇ ಉಳಿದರೆ ಕಾಮಾ ಹಾಕಿ. ಮಾತೇ ಬದಲಾದರೆ ಹಾಕಬೇಡಿ.

ಈ ಕಾಮಾ ಆದ ಮೇಲೆ ‘ದಟ್’ ಬರುವುದಿಲ್ಲ. ‘ಮೈ ಕಾರ್, ವಿಚ್ ಈಸ್ ಓಲ್ಡ್,’ ಸರಿ. ‘ಮೈ ಕಾರ್, ದಟ್ ಈಸ್ ಓಲ್ಡ್,’ ತಪ್ಪು. ಕಾಮಾ ಇಲ್ಲದ ಕಡೆ ‘ವಿಚ್’ ಬರಬಹುದೇ ಅನ್ನುವುದರ ಬಗ್ಗೆ ಮಾತ್ರ ಜಗಳ ಇದೆ. 1926ರಲ್ಲಿ ಹೆನ್ರಿ ಫೌಲರ್ ತಮ್ಮ ಇಂಗ್ಲಿಷ್ ಬಳಕೆಯ ಕೈಪಿಡಿಯಲ್ಲಿ, ಆರಿಸುವ ಕಡೆ ‘ದಟ್’, ಪಕ್ಕದ ಮಾತಿಗೆ ‘ವಿಚ್’ ಅಂತ ಹಂಚಿಕೊಂಡರೆ ಚೆನ್ನ ಅಂದರು. ಎಲ್ಲರೂ ಹಾಗೆ ಬರೆಯುತ್ತಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದರು. ಅಮೆರಿಕದ ಸಂಪಾದಕರು ಆ ಸಲಹೆಯನ್ನು ನಿಯಮದ ಹಾಗೆ ಹಿಡಿದುಕೊಂಡರು. ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತವೆ. ನೀವು ಫೌಲರ್ ಮಾತು ಕೇಳಿದರೆ ಎರಡೂ ಕಡೆ ಬಚಾವ್.

ಪಕ್ಕದ ಮಾತಿನ ‘ವಿಚ್’ಗೆ ಇನ್ನೊಂದು ಶಕ್ತಿ ಇದೆ. ಒಂದು ವಸ್ತುವನ್ನಷ್ಟೇ ಅಲ್ಲ, ಇಡೀ ವಾಕ್ಯವನ್ನೇ ಅದು ಎತ್ತಿಕೊಳ್ಳಬಲ್ಲದು. ‘ಹೀ ಕೇಮ್ ಲೇಟ್, ವಿಚ್ ಅನಾಯ್ಡ್ ಮೀ.’ ಸಿಟ್ಟು ಬಂದಿದ್ದು ಅವನ ಮೇಲಲ್ಲ, ತಡವಾಗಿ ಬಂದದ್ದಕ್ಕೆ. ಅಲ್ಲಿ ‘ಹೂ’ ಇಟ್ಟರೆ ವಾಕ್ಯ ಅವನನ್ನೇ ದೂರುತ್ತದೆ.

ಕೊಂಡಿ ಇಲ್ಲದೆ

ಕೊನೆಗೆ ನಮಗೆ ಖುಷಿ ಕೊಡುವ ಸುದ್ದಿ. ಎಷ್ಟೋ ಕಡೆ ಕೊಂಡಿಯನ್ನು ಬಿಟ್ಟೇ ಬಿಡಬಹುದು. ‘ದಿ ಬುಕ್ ದಟ್ ಐ ರೆಡ್’ ಅನ್ನುವ ಬದಲು ‘ದಿ ಬುಕ್ ಐ ರೆಡ್’. ‘ನಾನು ಓದಿದ ಪುಸ್ತಕ’ದಷ್ಟೇ ಹಗುರ. ‘ದಿ ಪೆನ್ ಐ ರೋಟ್ ವಿತ್’, ‘ದಿ ಬಸ್ ಶೀ ಕೇಮ್ ಇನ್’. ‘ವಿಚ್’ ಇಡಲೋ ‘ದಟ್’ ಇಡಲೋ ಅನ್ನುವ ತಲೆಬಿಸಿಯೇ ಇಲ್ಲ. ಮಾತಿನ ಇಂಗ್ಲಿಷಿನಲ್ಲಿ ಇದೇ ಜಾಸ್ತಿ.

ಆದರೆ ಎಲ್ಲ ಕಡೆ ಬಿಡುವ ಹಾಗಿಲ್ಲ. ಕಾಮಾ ಇದ್ದರೆ ಬಿಡುವಂತಿಲ್ಲ. ‘ಹೂಸ್’ ಬಿಡುವಂತಿಲ್ಲ. ಒಡೆದ ವಾಕ್ಯದಲ್ಲಿ ಕೊಂಡಿಯ ಜಾಗದಲ್ಲಿ ‘ಹೀ’, ‘ಶೀ’ ಅಥವಾ ಕೆಲಸ ಮಾಡುವ ‘ಇಟ್’ ಇದ್ದರೂ ಬಿಡುವಂತಿಲ್ಲ. ಯಾಕೆ ಅನ್ನುವುದನ್ನು ನಮ್ಮ ಬೇಟೆಗಾರನ ಮೇಲೇ ಪ್ರಯೋಗ ಮಾಡಿ ನೋಡೋಣ.

ಹುಲಿ ಸತ್ತ ವಾಕ್ಯದಿಂದ ‘ಹೂ’ ತೆಗೆಯಿರಿ. ‘ದಿ ಹಂಟರ್ ಕಿಲ್ಡ್ ದಿ ಟೈಗರ್.’ ಇದು ಬೇಟೆಗಾರನ ವಿವರವಾಗಿ ಉಳಿಯಲೇ ಇಲ್ಲ. ‘ಬೇಟೆಗಾರ ಹುಲಿಯನ್ನು ಕೊಂದ’ ಅನ್ನುವ ಪೂರ್ತಿ ವಾಕ್ಯವಾಗಿ ಮುಗಿದೇ ಹೋಯಿತು. ಬೇಟೆಗಾರ ಸತ್ತ ವಾಕ್ಯದಿಂದ ‘ಹೂಮ್’ ತೆಗೆಯಿರಿ. ‘ದಿ ಹಂಟರ್ ದಿ ಟೈಗರ್ ಕಿಲ್ಡ್’. ಇದು ನಿಲ್ಲುತ್ತದೆ. ಎರಡು ಹೆಸರು ಅಕ್ಕಪಕ್ಕ ಬಂದ ಕೂಡಲೇ ಇಂಗ್ಲಿಷ್ ಕಿವಿಗೆ ಗೊತ್ತಾಗುತ್ತದೆ: ಎರಡನೆಯದು ಕೊಂದಿದೆ, ಮೊದಲನೆಯವನು ಸತ್ತಿದ್ದಾನೆ.